ಕೊಳಕ್ಕೆ ಬೀಗ ಬಿದ್ದಾಗ

(ಬಾನುಲಿ ಭಾಷಣ)

ಈಜು ಬಲ್ಲವನಿಗೆ ನೀರು ದೊರೆಯದೆ ಹೋದರೆ ಅವನು ಏನು ಮಾಡಬೇಕು ಎಂಬುದು ಇಂದಿನ ನನ್ನ ಮಾತಿನ ವಿಷಯ. ಕೇಳಿದವರಿಗೆ ಇದು ಅಷ್ಟೇನೂ ಗಂಭೀರವಾದ ಪ್ರಶ್ನೆಯೆಂದು ತೋರದಿರಬಹುದು. ಅನ್ನ ಸಿಕ್ಕದವನು, ಕೆಲಸ ಸಿಕ್ಕದವನು, ಕಡೆಗೆ ಬಸ್ಸು ಸಿಕ್ಕದವನು ಇವರೆಲ್ಲರ ನಡುವೆ ಈಜುಕೊಳ ಸಿಕ್ಕದವನೂ ಒಬ್ಬ ದುಃಖಿಯೇ ಎಂದು ನೀವು ನಕ್ಕರೆ ನಾನು ತಪ್ಪು ತಿಳಿಯುವುದಿಲ್ಲ. ೨೦೨೦ರ ಮಾರ್ಚ್ ತಿಂಗಳವರೆಗೆ ನಾನೂ ಹಾಗೆಯೇ ನಗುತ್ತಿದ್ದೆ.

ನಾನು ಈಜು ಕಲಿತದ್ದು ಹಳ್ಳಿಯ ಬಾವಿಯಲ್ಲಿ. ನನ್ನ ಸೋದರಮಾವ ಒಣಗಿದ ಸೋರೆ ಬುರುಡೆಯೊಂದನ್ನು ನನ್ನ ಬೆನ್ನಿಗೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಹಗ್ಗದ ಇನ್ನೊಂದು ತುದಿಯನ್ನು ತಾವು ಹಿಡಿದು, ನನ್ನನ್ನು ನೀರಿಗೆ ತಳ್ಳಿದರು. ಒಂದು ಬೇಸಿಗೆ ಮುಗಿಯುವ ಹೊತ್ತಿಗೆ ಬುರುಡೆ ಹೋಯಿತು, ಹಗ್ಗವೂ ಹೋಯಿತು, ಈಜು ಉಳಿಯಿತು. ಆಮೇಲೆ ಓದು, ನೌಕರಿ, ಸಂಸಾರ ಎಂದು ಪಟ್ಟಣ ಸೇರಿದ ಮೇಲೆ ಮೂವತ್ತು ವರ್ಷ ನಾನು ನೀರಿಗಿಳಿಯಲಿಲ್ಲ. ಕುರ್ಚಿಯ ಮೇಲೆ ಕುಳಿತು ಕುಳಿತು ಸೊಂಟ ಹಿಡಿದುಕೊಂಡಾಗ ವೈದ್ಯರು, “ನಿಮಗೆ ಈಜು ಬರುತ್ತದೆಯೆ?” ಎಂದು ಕೇಳಿದರು. ಬರುತ್ತದೆ ಎಂದೆ. “ಹಾಗಾದರೆ ನಾನು ಗುಳಿಗೆ ಬರೆಯುವುದಿಲ್ಲ” ಎಂದರು. ಅಂದಿನಿಂದ ಹನ್ನೆರಡು ವರ್ಷ, ಬೆಳಿಗ್ಗೆ ಆರು ಗಂಟೆಗೆ, ೨೫ ಮೀಟರ್ ಉದ್ದದ ಕೊಳದಲ್ಲಿ ಈ ತುದಿಯಿಂದ ಆ ತುದಿಗೆ ೨೦ ಸಲ, ಎಂದರೆ ೫೦೦ ಮೀಟರ್ ಈಜುವುದು ನನ್ನ ನಿತ್ಯಕರ್ಮವಾಯಿತು.

ಕೊರೋನ ವ್ಯಾಧಿ ಬಂದು ೨೦೨೦ರ ಮಾರ್ಚ್‌ನಲ್ಲಿ ಕೊಳದ ಬಾಗಿಲಿಗೆ ಬೀಗ ಬಿತ್ತು. ಒಂದು ವಾರದ ಮಾತು ಎಂದುಕೊಂಡೆವು. ವಾರ ಹೋಗಿ ತಿಂಗಳಾಯಿತು. ಹೋಟೆಲುಗಳು ತೆರೆದವು, ಅಂಗಡಿಗಳು ತೆರೆದವು, ದೇವಸ್ಥಾನಗಳು ತೆರೆದವು. ಈಜುಕೊಳ ಮಾತ್ರ ಎಲ್ಲಕ್ಕೂ ಕೊನೆ. ಸ್ಪರ್ಧೆಗೆ ಸಿದ್ಧರಾಗುವ ಕ್ರೀಡಾಪಟುಗಳಿಗೆ ಆ ವರ್ಷದ ಅಕ್ಟೋಬರ್ ೧೫ರಿಂದ ಕೇಂದ್ರ ಸರ್ಕಾರ ಅನುಮತಿ ಕೊಟ್ಟಿತು. ನಮ್ಮಂಥ ಸಾಮಾನ್ಯರಿಗೆ ಕೊಟ್ಟದ್ದು ೨೦೨೧ರ ಫೆಬ್ರವರಿ ೧ರಿಂದ. ಹತ್ತು ತಿಂಗಳ ಮೇಲಾಗಿತ್ತು. ಇನ್ನೇನು ಕೈಕಾಲು ಹದಕ್ಕೆ ಬಂದವು ಎನ್ನುವಷ್ಟರಲ್ಲಿ ಏಪ್ರಿಲ್ ತಿಂಗಳಲ್ಲಿ ನಮ್ಮ ರಾಜ್ಯದಲ್ಲಿ ಮತ್ತೆ ಬೀಗ.

ಹಳೆಯ ಕಥೆಯನ್ನು ಈಗೇಕೆ ತೆಗೆದೆ ಎಂದು ನೀವು ಕೇಳಬಹುದು. ಆ ವ್ಯಾಧಿಯ ಕಾಲ ಹೋಯಿತು, ನಿಜ. ಆದರೆ ಕೊಳ ಮುಚ್ಚಲು ವ್ಯಾಧಿಯೊಂದೇ ಕಾರಣವಲ್ಲ. ೨೦೨೪ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರವಾದಾಗ, ಈಜುಕೊಳಗಳಿಗೆ ಕುಡಿಯುವ ನೀರನ್ನು ಬಳಸಕೂಡದು, ಬಳಸಿದರೆ ೫,೦೦೦ ರೂಪಾಯಿ ದಂಡ ಎಂದು ಜಲಮಂಡಳಿ ಆಜ್ಞೆ ಮಾಡಿತು. ಅದು ನ್ಯಾಯವೇ. ಲೆಕ್ಕ ಹಾಕಿ ನೋಡಿ. ೫೦ ಮೀಟರ್ ಉದ್ದ, ೨೫ ಮೀಟರ್ ಅಗಲ, ೨ ಮೀಟರ್ ಆಳದ ಕೊಳವೊಂದು ೨೫ ಲಕ್ಷ ಲೀಟರ್ ನೀರನ್ನು ಹಿಡಿಯುತ್ತದೆ. ನಗರದಲ್ಲಿ ತಲೆಗೆ ದಿನವೊಂದಕ್ಕೆ ೧೩೫ ಲೀಟರ್ ಬೇಕೆಂದು ಇಟ್ಟುಕೊಂಡರೆ, ಅದು ಹದಿನೆಂಟು ಸಾವಿರಕ್ಕೂ ಹೆಚ್ಚು ಜನರ ಒಂದು ದಿನದ ನೀರು. ನೆರೆಮನೆಯ ಕೊಡ ಬರಿದಾಗಿರುವಾಗ ನನ್ನ ಕೊಳ ತುಂಬಿರಲಿ ಎಂದು ಕೇಳಲು ಯಾರಿಗೂ ಮುಖವಿರುವುದಿಲ್ಲ. ಇನ್ನು ದುರಸ್ತಿ, ಹೊಸ ಹಂಚು ಹಾಸುವುದು, ಗುತ್ತಿಗೆ ಮುಗಿದು ಹೊಸ ಗುತ್ತಿಗೆ ಆಗದಿರುವುದು ಇವೆಲ್ಲ ಇದ್ದೇ ಇವೆ. ಆದುದರಿಂದ ಪಟ್ಟಣದಲ್ಲಿ ಈಜುವವನು ಒಂದಲ್ಲ ಒಂದು ಬೇಸಿಗೆಯಲ್ಲಿ ಮುಚ್ಚಿದ ಬಾಗಿಲ ಮುಂದೆ ಟವಲು ಹಿಡಿದು ನಿಲ್ಲುವುದು ತಪ್ಪಿದ್ದಲ್ಲ. ಆಗ ಏನು ಮಾಡಬೇಕು ಎಂಬುದನ್ನು ಮೊದಲೇ ತಿಳಿದಿದ್ದರೆ ಒಳ್ಳೆಯದು. ನಾನು ಅದನ್ನು ತಡವಾಗಿ ತಿಳಿದೆ. ನನಗಿಂತ ಹೆಚ್ಚು ಬೆಲೆ ತೆತ್ತು ತಿಳಿದವರು ನಮ್ಮ ಗುಂಪಿನ ಹಿರಿಯರೊಬ್ಬರು.

ಅವರಿಗೆ ಆಗ ೭೧ ವರ್ಷ. ಎರಡೂ ಮಂಡಿಗಳಲ್ಲಿ ಸವೆತ. ನೆಲದ ಮೇಲೆ ಕೋಲೂರಿ ನಡೆಯುತ್ತಿದ್ದರು. ಆದರೆ ಕೋಲನ್ನು ದಂಡೆಯ ಕಂಬಿಗೆ ಒರಗಿಸಿ ನೀರಿಗಿಳಿದರೆಂದರೆ ನಮ್ಮಲ್ಲಿ ಯಾರೂ ಅವರಿಗೆ ಸಮವಿರಲಿಲ್ಲ. ಅಂಗಾತ ಮಲಗಿ, ಮುಗಿಲು ನೋಡುತ್ತ, ಅರ್ಧ ಗಂಟೆ ನಿಲ್ಲದೆ ಈಜುತ್ತಿದ್ದರು. ಇದರಲ್ಲಿ ಮಾಯವೇನೂ ಇಲ್ಲ. ಕುತ್ತಿಗೆಯವರೆಗೆ ನೀರಿನಲ್ಲಿ ನಿಂತರೆ ದೇಹದ ತೂಕದ ಹತ್ತರಲ್ಲಿ ಒಂಬತ್ತು ಪಾಲನ್ನು ನೀರೇ ಹೊರುತ್ತದೆ. ನೆಲದ ಮೇಲೆ ಮಂಡಿ ಹೊರಲಾರದ ಭಾರ ನೀರಿನಲ್ಲಿ ಇರುವುದೇ ಇಲ್ಲ. ಜೊತೆಗೆ ನೀರು ಗಾಳಿಗಿಂತ ಸುಮಾರು ೮೦೦ ಪಟ್ಟು ಸಾಂದ್ರವಾದದ್ದು. ಅದನ್ನು ತಳ್ಳುವ ಪ್ರತಿಯೊಂದು ಕೈಬೀಸಿನಲ್ಲೂ ಸ್ನಾಯುಗಳಿಗೆ ಕೆಲಸ ಸಿಕ್ಕುತ್ತದೆ. ಕೀಲಿಗೆ ಪೆಟ್ಟಿಲ್ಲದೆ ಸ್ನಾಯುವಿಗೆ ದುಡಿಮೆ ಕೊಡುವ ಇಂಥ ವ್ಯಾಯಾಮ ಇನ್ನೊಂದಿಲ್ಲ.

ಕೊಳ ಮುಚ್ಚಿದಾಗ ಈ ಹಿರಿಯರು, “ನೀರು ಬಿಟ್ಟರೆ ನನಗೆ ಬೇರೆ ವ್ಯಾಯಾಮ ಆಗೋದಿಲ್ಲಪ್ಪ. ಕೊಳ ತೆಗೀಲಿ, ಆಮೇಲೆ ನೋಡೋಣ” ಎಂದು ಆರಾಮಕುರ್ಚಿ ಹಿಡಿದರು. ಹತ್ತು ತಿಂಗಳು ಅದನ್ನು ಬಿಟ್ಟೇಳಲಿಲ್ಲ. ಫೆಬ್ರವರಿಯ ಮೊದಲ ವಾರ ಮಗನ ಕಾರಿನಲ್ಲಿ ಬಂದರು. ಕೊಳದ ಏಣಿಯ ಕಂಬಿಯನ್ನು ಎರಡೂ ಕೈಗಳಲ್ಲಿ ಹಿಡಿದರು. ಮೊದಲನೆಯ ಮೆಟ್ಟಿಲಿಗೆ ಕಾಲು ಇಟ್ಟು, ಎರಡನೆಯದಕ್ಕೆ ಇಡಲಾರದೆ ಹಿಂದಕ್ಕೆ ತೆಗೆದರು. ತೊಡೆಯಲ್ಲಿ ಬಲವೇ ಇರಲಿಲ್ಲ. ನಾವು ಹಿಡಿದುಕೊಳ್ಳುತ್ತೇವೆಂದರೂ ಒಪ್ಪಲಿಲ್ಲ. ದಂಡೆಯ ಮೇಲಿನ ಕುರ್ಚಿಯಲ್ಲಿ ಅರ್ಧ ಗಂಟೆ ಕುಳಿತು, ನಾವು ಈಜುವುದನ್ನು ನೋಡಿ, ಹೊರಟುಹೋದರು. ಅಂದು ನಮ್ಮಲ್ಲಿ ಯಾರಿಗೂ ಮಾತು ಹೊರಡಲಿಲ್ಲ.

ಹತ್ತು ತಿಂಗಳಲ್ಲಿ ದೇಹದೊಳಗೆ ಆಗುವುದೇನು? ತಿಳಿದವರು ಹೇಳುವ ಪ್ರಕಾರ ವ್ಯಾಯಾಮ ನಿಂತರೆ ಮೊದಲು ಕುಗ್ಗುವುದು ರಕ್ತದಲ್ಲಿನ ದ್ರವಭಾಗ. ಅದು ಕೆಲವೇ ದಿನಗಳ ಕೆಲಸ. ರಕ್ತ ಕಡಮೆಯಾದರೆ ಹೃದಯ ಒಂದೊಂದು ಮಿಡಿತಕ್ಕೆ ತಳ್ಳುವ ಪ್ರಮಾಣವೂ ಕಡಮೆ. ಎರಡು ಮೂರು ವಾರಗಳಲ್ಲಿ ಪ್ರಾಣವಾಯುವನ್ನು ಬಳಸುವ ಶಕ್ತಿ, ಚೆನ್ನಾಗಿ ಪಳಗಿದ ಕ್ರೀಡಾಪಟುಗಳಲ್ಲಿಯೂ, ನೂರಕ್ಕೆ ಐದರಿಂದ ಹತ್ತು ಭಾಗದಷ್ಟು ಇಳಿಯುತ್ತದೆ. ಸ್ನಾಯುಗಳ ಬಲ ಸ್ವಲ್ಪ ಹೆಚ್ಚು ದಿನ ತಡೆಯುತ್ತದೆ. ಮೂರು ನಾಲ್ಕು ವಾರಗಳ ತನಕ ಅದಕ್ಕೆ ಅಷ್ಟಾಗಿ ಧಕ್ಕೆಯಿಲ್ಲ. ಆಮೇಲೆ ಅದೂ ಇಳಿಮುಖ. ವಯಸ್ಸಾದವರಲ್ಲಿ ಈ ಇಳಿತ ಬೇಗ, ಮರಳಿ ಏರುವುದು ನಿಧಾನ. ಕೊನೆಯವರೆಗೂ ಉಳಿಯುವುದು ಒಂದೇ, ಈಜುವ ವಿದ್ಯೆ. ಮೂವತ್ತು ವರ್ಷ ಬಿಟ್ಟರೂ ನನಗೆ ಅದು ಮರೆತಿರಲಿಲ್ಲವಷ್ಟೆ? ಸೈಕಲ್ಲಿನಂತೆ ಇದೂ ಮಿದುಳಿನಲ್ಲಿ ಅಚ್ಚೊತ್ತಿದ ವಿದ್ಯೆ. ಅಪಾಯವಿರುವುದೂ ಇಲ್ಲಿಯೇ. ವಿದ್ಯೆ ನೆನಪಿದೆ, ಬಲ ಹೋಗಿದೆ. ಮನಸ್ಸು ‘ಬರುತ್ತದೆ’ ಎನ್ನುತ್ತದೆ, ದೇಹ ನಡುನೀರಿನಲ್ಲಿ ಕೈಬಿಡುತ್ತದೆ. ಈ ಮಾತನ್ನು ಮುಂದೆ ಮತ್ತೆ ಎತ್ತುತ್ತೇನೆ.

ಈಗ, ಮಾಡಬೇಕಾದುದೇನು ಎಂಬುದಕ್ಕೆ ಬರೋಣ. ಮೊಟ್ಟಮೊದಲನೆಯದು, ಹೊತ್ತನ್ನು ಬಿಡಬಾರದು. ಆರು ಗಂಟೆಗೆ ಕೊಳಕ್ಕೆ ಹೋಗುತ್ತಿದ್ದವನು ಕೊಳವಿಲ್ಲದಿದ್ದರೂ ಆರು ಗಂಟೆಗೇ ಎದ್ದು ಏನನ್ನಾದರೂ ಮಾಡಬೇಕು. ಕೊಳ ಮುಚ್ಚಿದ ಮೊದಲ ವಾರ ನಾನು ಏಳೂವರೆಗೆ ಏಳಲು ತೊಡಗಿದೆ. ಎರಡನೆಯ ವಾರ ಎಂಟಾಯಿತು. ರಾತ್ರಿ ನಿದ್ರೆ ಕೆಟ್ಟಿತು, ಹಗಲು ಸಿಡುಕು ಹತ್ತಿತು. ಹಸಿವು ಮಾತ್ರ ಹಳೆಯದೇ. ಅರ್ಧ ಗಂಟೆಯ ಈಜು ಇನ್ನೂರರಿಂದ ಮುನ್ನೂರು ಕ್ಯಾಲರಿಗಳನ್ನು ಕರಗಿಸುತ್ತಿತ್ತು. ಈಜು ನಿಂತರೂ ಕೈ ಮೂರನೆಯ ದೋಸೆಗೆ ಹೋಗುವುದು ನಿಲ್ಲಲಿಲ್ಲ. ಒಂದು ದಿನ ನನ್ನ ಹೆಂಡತಿ, “ಏನೂಂದ್ರೆ, ಕೊಳಕ್ಕೆ ಬೀಗ ಹಾಕಿದಾರೆ, ನಿಮ್ಮ ಕೈಕಾಲಿಗಲ್ಲವಲ್ಲ! ಮಹಡಿ ಮೆಟ್ಟಿಲು ಇಲ್ಲೇ ಇದೆ, ಹತ್ತಿ ಇಳೀರಿ” ಎಂದಳು. ಆಕೆಗೆ ಈಜು ಬಾರದು. ಆದರೆ ನನಗೆ ಆ ಹತ್ತು ತಿಂಗಳಲ್ಲಿ ಸಿಕ್ಕ ಅತ್ಯುತ್ತಮ ಸಲಹೆ ಅದೇ.

ಎರಡನೆಯದು, ಉಸಿರು. ಮೆಟ್ಟಿಲು ಹತ್ತುವುದಾಗಲಿ, ಬಿರುಸಾಗಿ ನಡೆಯುವುದಾಗಲಿ, ಕಿರಿಯರಿಗೆ ಹಗ್ಗದಾಟವಾಗಲಿ, ದಿನಕ್ಕೆ ಅರ್ಧ ಗಂಟೆ ಉಸಿರು ಏರುವಂತೆ ಮಾಡಿದರೆ ಹೃದಯ ಶ್ವಾಸಕೋಶಗಳು ಹದದಲ್ಲಿರುತ್ತವೆ. ಮಾತನಾಡಲು ಬರಬೇಕು, ಹಾಡಲು ಬರಬಾರದು. ಅಷ್ಟು ಬಿರುಸು ಸಾಕು. ಇದಲ್ಲದೆ ಈಜುಗಾರನ ಉಸಿರಿಗೆ ಒಂದು ಲಯವಿದೆ. ಬಾಯಿಯಿಂದ ಚುರುಕಾಗಿ ಎಳೆದುಕೊಳ್ಳುವುದು, ನೀರಿನಲ್ಲಿ ನಿಧಾನವಾಗಿ ಬಿಡುವುದು. ಇದನ್ನು ಮನೆಯಲ್ಲಿಯೇ ಕಾಪಾಡಿಕೊಳ್ಳಬಹುದು. ಎರಡೆಣಿಕೆಗೆ ಎಳೆದು ಆರೆಣಿಕೆಗೆ ಬಿಡುವುದನ್ನು ಐದು ನಿಮಿಷ ಮಾಡಿ. ಉಸಿರು ಕಟ್ಟಿ ಹಿಡಿಯುವುದು ಬೇಡ. ರಕ್ತದೊತ್ತಡದವರಿಗೆ ಅದು ಒಳ್ಳೆಯದಲ್ಲ.

ನನ್ನ ಮೊಮ್ಮಗಳು ೨೦೧೯ರ ಬೇಸಿಗೆ ಶಿಬಿರದಲ್ಲಿ ಅಷ್ಟಿಷ್ಟು ಈಜು ಕಲಿತಿದ್ದಳು. ಕಲಿತದ್ದು ಮರೆತು ನೀರಿನ ಭಯ ಮತ್ತೆ ಹೊಕ್ಕೀತೆಂದು ನಾನು ಅಗಲವಾದ ಬೋಗುಣಿಯಲ್ಲಿ ನೀರು ತುಂಬಿಸಿ, ಅದರಲ್ಲಿ ಮುಖವಿಟ್ಟು ಗುಳುಗುಳು ಗುಳ್ಳೆ ಬಿಡುವ ಆಟ ಕಲಿಸಿದೆ. “ಮಾವ, ಅಡಿಗೆಮನೆಯ ದೊಡ್ಡ ಬೋಗುಣಿ ಕಾಣಿಸ್ತಿಲ್ಲ” ಎಂದು ಸೊಸೆ ಬೆಳಗಾದರೆ ಹುಡುಕಬೇಕಾಗುತ್ತಿತ್ತು. ಆದರೆ ಮುಖಕ್ಕೆ ನೀರು ತಾಕಿದರೆ ಬೆದರುವ ಅಭ್ಯಾಸ ಮಗುವಿಗೆ ಮರಳಿ ಬರಲಿಲ್ಲ. ಈ ಆಟಕ್ಕೆ ದೊಡ್ಡವರು ಪಕ್ಕದಲ್ಲಿಯೇ ಇರಬೇಕು. ಬೋಗುಣಿಯ ನೀರೂ ನೀರೇ.

ಮೂರನೆಯದು, ಭುಜ. ಈಜುಗಾರನಿಗೆ ಬಲವಿರುವುದೂ ನೋವು ಬರುವುದೂ ಅಲ್ಲಿಯೇ. ಅದಕ್ಕೆ ರಬ್ಬರಿನ ಪಟ್ಟಿ ಅಂಗಡಿಯಲ್ಲಿ ಸಿಕ್ಕುತ್ತದೆ. ಸಿಕ್ಕದಿದ್ದರೆ ಸೈಕಲ್ಲಿನ ಹಳೆಯ ಟ್ಯೂಬು ಸಾಕು. ಅದನ್ನು ಕತ್ತರಿಸಿ ನಡುಭಾಗವನ್ನು ಕಿಟಕಿಯ ಗಟ್ಟಿ ಸರಳಿಗೆ ಸುತ್ತಿ, ಎರಡು ತುದಿಗಳನ್ನು ಎರಡು ಕೈಗಳಲ್ಲಿ ಹಿಡಿಯಿರಿ. ಎರಡು ಹೆಜ್ಜೆ ಹಿಂದಕ್ಕೆ ಸರಿದು, ಬೆನ್ನು ನೆಟ್ಟಗಿಟ್ಟು ಸೊಂಟದಿಂದ ಮುಂದಕ್ಕೆ ಬಾಗಿ. ಮೊಣಕೈ ಮೇಲಿರಲಿ. ನೀರನ್ನು ಹಿಡಿದು ಹಿಂದಕ್ಕೆ ನೂಕುವಂತೆ ಅಂಗೈಯನ್ನು ತೊಡೆಯವರೆಗೆ ಎಳೆಯಿರಿ. ಬಿಡುವಾಗ ಎಳೆದುದಕ್ಕಿಂತ ನಿಧಾನವಾಗಿ ಬಿಡಿ. ೧೫ ಸಲಕ್ಕೆ ಒಂದು ಸುತ್ತು. ದಿನ ಬಿಟ್ಟು ದಿನ ೩ ಸುತ್ತು. ಟ್ಯೂಬಿನಲ್ಲಿ ಬಿರುಕು ಇದೆಯೇ ಎಂದು ಪ್ರತಿ ಸಲವೂ ನೋಡಿಕೊಳ್ಳಬೇಕು. ಎಳೆಯುವಾಗ ಹರಿದರೆ ಕಣ್ಣಿಗೆ ಬಡಿದೀತು.

ನಾಲ್ಕನೆಯದು, ಬೆನ್ನು, ಹೊಟ್ಟೆ, ಕಾಲು. ನಮ್ಮ ಯೋಗಾಸನಗಳಲ್ಲಿ ಈಜುಗಾರನಿಗೆಂದೇ ಮಾಡಿದಂತಿರುವ ಕೆಲವು ಇವೆ. ಶಲಭಾಸನದಲ್ಲಿ ಬೋರಲು ಮಲಗಿ ಕಾಲೆತ್ತುವಾಗ ಕೆಲಸ ಮಾಡುವ ಸೊಂಟ ತೊಡೆಗಳ ಸ್ನಾಯುಗಳೇ ನೀರಿನಲ್ಲಿ ಕಾಲನ್ನು ಮೇಲೆ ಹಿಡಿದಿಡುತ್ತವೆ. ಭುಜಂಗಾಸನ ಎದೆಯನ್ನು ತೆರೆಯುತ್ತದೆ, ಸೇತುಬಂಧ ತೊಡೆಯನ್ನು ಗಟ್ಟಿಮಾಡುತ್ತದೆ. ವಜ್ರಾಸನದಲ್ಲಿ ಐದು ನಿಮಿಷ ಕುಳಿತರೆ ಪಾದದ ಗಿಣ್ಣು ಹಿಂದಕ್ಕೆ ಚೆನ್ನಾಗಿ ಚಾಚಿಕೊಳ್ಳುತ್ತದೆ. ಕಾಲು ಬಡಿಯುವಾಗ ಪಾದ ಮೀನಿನ ಬಾಲದಂತೆ ಬಳುಕಬೇಕಾದರೆ ಆ ಸಡಿಲ ಬೇಕು. ಮಂಡಿನೋವಿನವರು ಮಾತ್ರ ವಜ್ರಾಸನದ ಗೊಡವೆಗೆ ಹೋಗದೆ, ಕುರ್ಚಿಯಿಂದ ಕೈಯೂರದೆ ಎದ್ದು ಕೂಡುವುದನ್ನು ಹತ್ತು ಸಲ ಮಾಡಲಿ. ಆಗದಿದ್ದರೆ ಕೈಯೂರಿಯೇ ಮಾಡಲಿ.

ಐದನೆಯದನ್ನು ಹೇಳಿದರೆ ನೀವು ನಗಬಹುದು. ಕಣ್ಣು ಮುಚ್ಚಿ ಕುಳಿತು ಮನಸ್ಸಿನಲ್ಲಿಯೇ ಈಜುವುದು. ಕೊಳದ ದಂಡೆ, ಔಷಧದ ವಾಸನೆ, ಮೊದಲ ತಣ್ಣನೆಯ ಸ್ಪರ್ಶ, ತಳದ ಕಪ್ಪು ಗೆರೆ, ಎಷ್ಟನೆಯ ಕೈಬೀಸಿಗೆ ಗೋಡೆ ಸಿಕ್ಕುತ್ತದೆ ಎಂಬ ಎಣಿಕೆ ಎಲ್ಲವನ್ನೂ ಕ್ರಮವಾಗಿ ತಂದುಕೊಳ್ಳಬೇಕು. ದೊಡ್ಡ ದೊಡ್ಡ ಸ್ಪರ್ಧಾಳುಗಳು ಅನುಸರಿಸುವ ಕ್ರಮವಿದು. ಇದರಿಂದ ಸ್ನಾಯು ಬೆಳೆಯದು. ವಿದ್ಯೆಯ ಅಚ್ಚು ಮಾಸದೆ ಉಳಿಯುತ್ತದೆ. ಮನಸ್ಸಿಗೂ ಸಮಾಧಾನ.

ಮಾಡಬಾರದ್ದನ್ನು ಹೇಳುವಾಗ ನಾನು ಸ್ವಲ್ಪ ಕಟುವಾಗಿಯೇ ಹೇಳಬೇಕು. ಕೊಳ ಮುಚ್ಚಿತೆಂದು ಕೆರೆಗೆ, ಕಾಲುವೆಗೆ, ಕಲ್ಲುಗಣಿಯ ಹೊಂಡಕ್ಕೆ ಹೋಗಬೇಡಿ, ಮಕ್ಕಳನ್ನು ಬಿಡಬೇಡಿ. ಬಾವಿಯಲ್ಲಿ ಕಲಿತವನು ನೀನೇ ಹೀಗೆನ್ನಬಹುದೆ ಎಂದು ಕೇಳೀರಿ. ನಮ್ಮ ಬಾವಿಯ ಒಂದೊಂದು ಕಲ್ಲೂ ನನ್ನ ಮಾವನಿಗೆ ಗೊತ್ತಿತ್ತು. ಹಗ್ಗ ಅವರ ಕೈಯಲ್ಲಿತ್ತು. ಪಟ್ಟಣದ ಹುಡುಗನಿಗೆ ಕಲ್ಲುಗಣಿಯ ಹೊಂಡದ ಗುಣ ತಿಳಿಯದು. ಅದಕ್ಕೆ ಇಳಿಜಾರಿಲ್ಲ, ಒಂದು ಹೆಜ್ಜೆಗೆ ಮೊಣಕಾಲುದ್ದ, ಮುಂದಿನ ಹೆಜ್ಜೆಗೆ ಆಳು ಮುಳುಗುವ ಆಳ. ಮೇಲೆ ಬೆಚ್ಚಗಿದ್ದರೂ ಕೆಳಗೆ ನೀರು ಮೈ ಸೆಡೆಯುವಷ್ಟು ತಣ್ಣಗಿರುತ್ತದೆ. ಹತ್ತಿ ಬರೋಣವೆಂದರೆ ಸುತ್ತಲೂ ಕಡಿದ ಬಂಡೆ. ಕೆರೆಯಲ್ಲಿ ಹೂಳಿದೆ, ಕಾಲಿಗೆ ತೊಡರುವ ಬಳ್ಳಿಯಿದೆ. ಕಾಲುವೆಯ ಸಿಮೆಂಟು ಗೋಡೆಯಲ್ಲಿ ಪಾಚಿ, ಕೈಗೆ ಹಿಡಿತವಿಲ್ಲ, ಸೆಳೆತ ನಿಲ್ಲಗೊಡುವುದಿಲ್ಲ. ಕೊಳದಲ್ಲಿ ನೂರು ಮೀಟರ್ ಈಜುವವನು ಇಂಥ ನೀರಿನಲ್ಲಿ ಹತ್ತು ಮೀಟರಿಗೆ ಸೋಲಬಹುದು.

ಮನೆಯ ಸಂಪಿಗೆ ಇಳಿಯುವ ಯೋಚನೆಯಂತೂ ಕನಸಿನಲ್ಲಿಯೂ ಬೇಡ. ಅಲ್ಲಿ ವಿದ್ಯುತ್ ಪಂಪು ಇರುತ್ತದೆ, ಗಾಳಿಯಾಡುವುದಿಲ್ಲ. ಇನ್ನೊಂದು ಮಾತು. ನೀರಿನಡಿ ಹೆಚ್ಚು ಹೊತ್ತು ಇರಬೇಕೆಂದು ಹುಡುಗರು ಮೊದಲು ಗಬಗಬನೆ ಹತ್ತಿಪ್ಪತ್ತು ಸಲ ಉಸಿರಾಡಿ ಮುಳುಗುವುದುಂಟು. ಇದರಿಂದ ಪ್ರಾಣವಾಯು ಅಷ್ಟಾಗಿ ಹೆಚ್ಚುವುದಿಲ್ಲ. ಉಸಿರೆಳೆ ಎಂದು ಎಚ್ಚರಿಸುವ ಇಂಗಾಲಾಮ್ಲ ಮಾತ್ರ ಕಡಮೆಯಾಗುತ್ತದೆ. ಎಚ್ಚರಿಕೆಯೇ ಇಲ್ಲದೆ ಪ್ರಜ್ಞೆ ತಪ್ಪುತ್ತದೆ. ಮನೆಯಲ್ಲಿ ಬಕೆಟ್ಟಿನ ಮುಂದೆಯೂ ಈ ಪಂದ್ಯ ಬೇಡ.

ಯಾರಾದರೂ ಮುಳುಗುತ್ತಿರುವುದನ್ನು ಕಂಡರೆ ನೀವು ಧುಮುಕಬೇಡಿ. ಮುಳುಗುವವನು ಹಿಡಿದುಕೊಂಡರೆ ಇಬ್ಬರೂ ಹೋದಂತೆಯೇ. ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಎಣ್ಣೆ ಡಬ್ಬ ಒಳ್ಳೆಯ ಬೆಂಡು. ಅದನ್ನು ಎಸೆಯಿರಿ. ಹಗ್ಗ, ಸೀರೆ, ಪಂಚೆ, ಬಿದಿರಗಳು ಏನು ಸಿಕ್ಕಿದರೆ ಅದನ್ನು ಚಾಚಿ, ಕೂಗಿ ಜನ ಸೇರಿಸಿ. ಈ ಮಾತು ಮನೆಯ ಮಕ್ಕಳ ಕಿವಿಗೂ ಬೀಳಲಿ.

ಇನ್ನು, ಕೊಳ ತೆರೆದ ಮೇಲೆ. ನನ್ನ ಮೂರ್ಖತನವನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಮೆಟ್ಟಿಲು ಹತ್ತಿ, ಟ್ಯೂಬು ಎಳೆದು ನಾನು ಅಷ್ಟಿಷ್ಟು ಹದದಲ್ಲಿದ್ದೆ. ಅದೇ ಧೈರ್ಯ ಕೆಟ್ಟದ್ದಾಯಿತು. ಮೊದಲ ದಿನವೇ ಹಳೆಯ ೨೦ ಸಲವನ್ನು ಮುಗಿಸಿಬಿಡುವೆನೆಂದು ಹೊರಟೆ. ಆರನೆಯ ಸಲ ಆಳದ ಕಡೆಗೆ ಹೋಗುತ್ತಿದ್ದಾಗ ಬಲಗಾಲಿನ ಮೀನಖಂಡ ಹಿಡಿದು ಕಲ್ಲಾಯಿತು. ನೋವಿಗೆ ಬಾಯಿ ತೆರೆದೆ, ನೀರು ಹೊಕ್ಕಿತು. ಅರವತ್ತರ ಹತ್ತಿರದವನು, ಐವತ್ತು ವರ್ಷದ ಹಿಂದೆ ಈಜು ಕಲಿತವನು, ಬುರುಡೆ ಕಳಚಿದ ಹುಡುಗನಂತೆ ಕೈಬಡಿಯತೊಡಗಿದೆ. ಕಾವಲಿನ ಹುಡುಗ ಉದ್ದನೆಯ ಕೋಲು ಚಾಚಿದ. ಹಿಡಿದು ದಂಡೆ ಸೇರಿದೆ. “ಸಾರ್, ಇವತ್ತು ನಾಲ್ಕು ಸಾಕಿತ್ತು” ಎಂದ. ಅವನಿಗೆ ಇಪ್ಪತ್ತು ವರ್ಷವಿದ್ದೀತು. ನಾನು ತಲೆದೂಗಿದೆ.

ಅವನು ಹೇಳಿದ್ದೇ ಸರಿ. ದೀರ್ಘ ಬಿಡುವಿನ ಬಳಿಕ ಮೊದಲ ವಾರ ಹಳೆಯ ದೂರದ ಕಾಲು ಭಾಗ, ಹೆಚ್ಚೆಂದರೆ ಮೂರನೆಯ ಒಂದು ಭಾಗ ಸಾಕು. ದಿನ ಬಿಟ್ಟು ದಿನ ಇಳಿಯಿರಿ. ವಾರವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಿ. ಮೊದಲ ಕೆಲವು ದಿನ ಆಳಕ್ಕೆ ಹೋಗದೆ ದಂಡೆಯ ಪಕ್ಕದಲ್ಲಿಯೇ ಈಜಿ. ಭುಜ ನೊಂದರೆ ಅಂದಿಗೆ ನಿಲ್ಲಿಸಿ. ಸೆಳೆತ ಬಂದರೆ ಗಾಬರಿಯಾಗದೆ ಅಂಗಾತ ತಿರುಗಿ ತೇಲಿ, ಮಂಡಿಯನ್ನು ನೇರಮಾಡಿ, ಕಾಲ್ಬೆರಳುಗಳನ್ನು ಮೊಳಕಾಲಿನ ಕಡೆಗೆ ಎಳೆಯಿರಿ. ಹಿಡಿದ ಸ್ನಾಯು ಸಡಿಲುತ್ತದೆ. ಕಾಯಿಲೆಯಿಂದೆದ್ದವರೂ ಹೃದ್ರೋಗದವರೂ ವೈದ್ಯರನ್ನು ಕೇಳಿಯೇ ಇಳಿಯಬೇಕು. ಮಕ್ಕಳ ವಿಷಯದಲ್ಲಂತೂ, ಹೋದ ವರ್ಷ ಬರುತ್ತಿತ್ತು ಎಂದು ನಂಬಬೇಡಿ. ಒಂದು ವರ್ಷದಲ್ಲಿ ಮಗುವಿನ ಕೈಕಾಲಿನ ಉದ್ದವೇ ಬೇರೆ, ತೂಕವೇ ಬೇರೆ. ಬಾರದವರೆಂದೇ ಎಣಿಸಿ, ಎದೆಮಟ್ಟದ ನೀರಿನಿಂದ ಪ್ರಾರಂಭಿಸಿ. ಜೊತೆಗೆ ಹಳೆಯ ಈಜುಡುಪನ್ನೂ ಕನ್ನಡಕವನ್ನೂ ಮೊದಲೇ ಪರೀಕ್ಷಿಸಿಕೊಳ್ಳುವುದು ಕ್ಷೇಮ. ಇಟ್ಟಲ್ಲೇ ಇದ್ದ ರಬ್ಬರು ಜೀವ ಕಳೆದುಕೊಂಡಿರುತ್ತದೆ. ಉಡುಪು ಚಿಕ್ಕದಾಗಿದ್ದರೆ ದೋಷ ಅದರದಲ್ಲ, ದೋಸೆಯದು.

ಬಿಡುವು ಬಂದಿತೆಂದ ಮಾತ್ರಕ್ಕೆ ಎಲ್ಲವೂ ಮುಗಿದಂತಲ್ಲ ಎಂಬುದಕ್ಕೆ ದೊಡ್ಡವರ ನಿದರ್ಶನಗಳಿವೆ. ಅಮೆರಿಕದ ಡಾರಾ ಟೋರೆಸ್ ಎಂಬಾಕೆ ನಡುನಡುವೆ ವರ್ಷಗಟ್ಟಲೆ ಈಜು ಬಿಟ್ಟಿದ್ದು, ೨೦೦೮ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ, ತಮ್ಮ ೪೧ನೆಯ ವಯಸ್ಸಿನಲ್ಲಿ, ಮೂರು ಬೆಳ್ಳಿ ಪದಕಗಳನ್ನು ಗೆದ್ದರು. ಅಷ್ಟು ದೂರವೇಕೆ? ೨೦೨೦ರಲ್ಲಿ ನಮ್ಮ ದೇಶದ ಈಜುಗಾರರೆಲ್ಲ ತಿಂಗಳುಗಟ್ಟಲೆ ನೀರಿಲ್ಲದೆ ಕುಳಿತರು. ಟೋಕಿಯೋ ಒಲಿಂಪಿಕ್ಸ್ ಒಂದು ವರ್ಷ ಮುಂದಕ್ಕೆ ಹೋಯಿತು. ಕೇರಳದವರಾದರೂ ಬೆಂಗಳೂರಿನ ಬಸವನಗುಡಿಯ ಕೊಳದಲ್ಲಿ ಪಳಗಿದ ಸಾಜನ್ ಪ್ರಕಾಶ್ ಆಗ ಥಾಯ್ಲೆಂಡಿನಲ್ಲಿ ಸಿಕ್ಕಿಬಿದ್ದಿದ್ದರು. ಕತ್ತಿನ ಬೆನ್ನೆಲುಬಿನ ನೋವು ಬೇರೆ. ಆದರೂ ೨೦೨೧ರ ಜೂನ್‌ನಲ್ಲಿ ರೋಮ್ ನಗರದಲ್ಲಿ ೨೦೦ ಮೀಟರ್ ಬಟರ್‌ಫ್ಲೈ ಈಜನ್ನು ೧ ನಿಮಿಷ ೫೬.೩೮ ಸೆಕೆಂಡುಗಳಲ್ಲಿ ಮುಗಿಸಿ, ಒಲಿಂಪಿಕ್ಸಿನ ನೇರ ಅರ್ಹತೆಯನ್ನು ಗಳಿಸಿದ ಮೊದಲ ಭಾರತೀಯ ಈಜುಗಾರರಾದರು. ಬೆನ್ನಲ್ಲೇ ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್ ಅಲ್ಲಿಯೇ ೧೦೦ ಮೀಟರ್ ಅಂಗಾತ ಈಜನ್ನು ೫೩.೭೭ ಸೆಕೆಂಡುಗಳಲ್ಲಿ ಈಜಿ ಅದೇ ಅರ್ಹತೆಯನ್ನು ಪಡೆದರು. ನೀರಿಲ್ಲದ ತಿಂಗಳುಗಳನ್ನು ಅವರು ವ್ಯರ್ಥ ಮಾಡಿರಲಿಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ.

ಆದರೆ ನನಗೆ ಇವರೆಲ್ಲರಿಗಿಂತ ದೊಡ್ಡ ನಿದರ್ಶನ ನಮ್ಮ ಆ ಹಿರಿಯರೇ. ಅವರ ಕಥೆ ದಂಡೆಯ ಕುರ್ಚಿಯಲ್ಲಿ ಮುಗಿಯಲಿಲ್ಲ. ಏಪ್ರಿಲ್‌ನಲ್ಲಿ ಎರಡನೆಯ ಸಲ ಬೀಗ ಬಿದ್ದಾಗ ಅವರು ಆರಾಮಕುರ್ಚಿಯನ್ನು ಮಹಡಿಗೆ ಸಾಗಿಸಿ, ಕೈಯಿಲ್ಲದ ಮರದ ಕುರ್ಚಿಯೊಂದನ್ನು ಹಾಕಿಸಿಕೊಂಡರು. ಬೆಳಿಗ್ಗೆ ಆರು ಗಂಟೆಗೆ ನಮ್ಮ ಗುಂಪಿನವರು ಯಾರಾದರೊಬ್ಬರು ಸರದಿಯಂತೆ ಅವರಿಗೆ ಫೋನು ಮಾಡುತ್ತಿದ್ದೆವು. ಅವರು ಫೋನನ್ನು ಮೇಜಿನ ಮೇಲಿಟ್ಟು ಎದ್ದು ಕೂಡುವುದು, ನಾವು ಇತ್ತಲಿಂದ ಎಣಿಸುವುದು. ಮೊದಲ ದಿನ ಕೈಯೂರಿ ಮೂರು. ಒಂದು ತಿಂಗಳಿಗೆ ಕೈಯೂರದೆ ಐದು. ಆಮೇಲೆ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು. ಕೆಲವು ದಿನ ಮಂಡಿ ಊದಿಕೊಂಡಿತು. ವೈದ್ಯರನ್ನು ಕೇಳಿ ಎರಡು ದಿನ ಬಿಟ್ಟು ಮತ್ತೆ ತೊಡಗಿದರು. ಆ ವರ್ಷದ ಕೊನೆಯ ಹೊತ್ತಿಗೆ ಕೊಳ ತೆರೆದಾಗ ಕೋಲನ್ನು ಕಂಬಿಗೆ ಒರಗಿಸಿ, ಏಣಿಯ ಐದು ಮೆಟ್ಟಿಲುಗಳನ್ನು ತಾವೇ ಇಳಿದು ನೀರಿಗೆ ಹೋದರು. ಅಂದು ಅವರು ಈಜಿದ್ದು ಹೆಚ್ಚೇನೂ ಅಲ್ಲ, ಒಂದು ತುದಿಯಿಂದ ಇನ್ನೊಂದು ತುದಿಗೆ. ಆಮೇಲೆ ಸುಮ್ಮನೆ ಅಂಗಾತ ತೇಲುತ್ತ ಬಹಳ ಹೊತ್ತು ಮುಗಿಲು ನೋಡಿದರು. ಅವರಿಗೆ ಈಗ ಎಪ್ಪತ್ತೈದು ದಾಟಿದೆ. ಕೊಳವಿದ್ದ ದಿನ ಕೊಳ, ಇಲ್ಲದ ದಿನ ಕುರ್ಚಿ. ಎರಡನ್ನೂ ಬಿಟ್ಟಿಲ್ಲ.

ಈ ಬೇಸಿಗೆಯಲ್ಲಿ ನಿಮ್ಮ ಊರಿನ ಕೊಳದ ಬಾಗಿಲಲ್ಲಿ ಎಲ್ಲಿಯಾದರೂ ‘ಮುಚ್ಚಲಾಗಿದೆ’ ಎಂಬ ಹಲಗೆ ಕಂಡರೆ, ಸ್ವಲ್ಪ ಬೇಸರಪಡಿ. ಬೇಡವೆನ್ನುವುದಿಲ್ಲ. ಟವಲನ್ನು ಮನೆಯಲ್ಲಿಟ್ಟು ಮರುದಿನ ಅದೇ ಹೊತ್ತಿಗೆ ಎದ್ದು ಹತ್ತು ನಿಮಿಷದಿಂದ ಪ್ರಾರಂಭಿಸಿ. ನಿಮ್ಮ ಜೊತೆ ಈಜುತ್ತಿದ್ದವರಲ್ಲಿ ವಯಸ್ಸಾದವರಿದ್ದರೆ ಅವರಿಗೊಂದು ಫೋನು ಮಾಡಿ. ಎಣಿಸುವವರೊಬ್ಬರು ಇದ್ದರೆ ಎದ್ದು ಕೂಡುವುದು ಸುಲಭವಾಗುತ್ತದೆ.